ಇಬ್ಬರಿಗೂ ಎರಡೂ ಬರುತ್ತೆ

ಯಾರಾದರೂ ಆಯುಧ ಹಿಡಿದು ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತರೆ ನಮ್ಮನ್ನು ಕರೆಯುತ್ತಿದ್ದರು. ಜಿಲ್ಲೆಯ ಪೊಲೀಸರಲ್ಲಿ ಆರಿಸಿದ ಸಣ್ಣದೊಂದು ತಂಡ ನಮ್ಮದು. ದೊಡ್ಡ ಊರುಗಳ ತಂಡಗಳಲ್ಲಿ ದೂರದಿಂದ ಗುರಿ ಇಡುವವರು ಬೇರೆ, ಬಾಗಿಲು ಒಡೆದು ನುಗ್ಗುವವರು ಬೇರೆ. ನಮ್ಮಲ್ಲಿ ಅಷ್ಟು ಜನ ಎಲ್ಲಿ? ಇದ್ದವರೇ ಎರಡನ್ನೂ ಕಲಿಯಬೇಕು ಎಂದು ಸಾಹೇಬರ ಅಪ್ಪಣೆಯಾಗಿತ್ತು.

ನಾನು ಅಜ್ಜಂಪುರದವನು, ನನ್ನ ಜೋಡಿ ಕಡೂರಿನವನು. ಅವನ ತಂದೆ ಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು. ಹಗಲೆಲ್ಲ ಹತ್ತಿಯ ಮುಂದೆ ಕೂತಿರುತ್ತಿದ್ದ ಅಪ್ಪನ ತಾಳ್ಮೆ ಮಗನಿಗೂ ಬಂದಿತ್ತೋ ಏನೋ. ರೈಫಲ್ ಹಿಡಿದು ಮಲಗಿದನೆಂದರೆ ಕುತ್ತಿಗೆಯ ಮೇಲೆ ಇರುವೆ ಹರಿದರೂ ಕದಲುತ್ತಿರಲಿಲ್ಲ. ಎಮ್ಮೆದೊಡ್ಡಿ ಕಡೆಯ ಬಯಲಿನಲ್ಲಿ ಬೆಳಗಿನ ಅಭ್ಯಾಸ. ದೂರದಲ್ಲಿ ದನ ಅಡ್ಡ ಬಂದರೆ ಅವು ಮೇಯುತ್ತಾ ದಾಟುವವರೆಗೂ ಕಾಯಬೇಕು. ನಾನು ಪಕ್ಕದಲ್ಲಿ ದುರ್ಬೀನು ಹಿಡಿದು ಮಗ್ಗುಲು ಬದಲಿಸುತ್ತಾ ಒದ್ದಾಡುತ್ತಿದ್ದೆ. ಅವನು ಮಾತ್ರ ಉಸಿರನ್ನು ಎಲ್ಲೋ ಒಳಗೆ ಇಳಿಸಿಕೊಂಡು ಕಲ್ಲಿನಂತೆ ಇರುತ್ತಿದ್ದ.

ಮಧ್ಯಾಹ್ನ ತರೀಕೆರೆಯಲ್ಲಿ ಮುಚ್ಚಿಹೋದ ಒಂದು ಅಕ್ಕಿ ಮಿಲ್ಲಿಗೆ ಬರುತ್ತಿದ್ದೆವು. ಅಲ್ಲಿ ಕೋಣೆಯಿಂದ ಕೋಣೆಗೆ ನುಗ್ಗುವ ಪಾಠ. ಅಲ್ಲಿ ನನ್ನ ಕೈ ಮೇಲು. ಬಾಗಿಲು ತೆರೆದದ್ದೇ ತಡ, ನನ್ನ ಕಾಲು ತಾನಾಗಿ ಒಳಗಿರುತ್ತಿತ್ತು. ಹೊಸಿಲ ಮೇಲೆ ನಿಲ್ಲಬಾರದು, ಹೊರಗಿನ ಬೆಳಕಿಗೆ ಅಡ್ಡ ನಿಂತವನು ಒಳಗಿದ್ದವನಿಗೆ ಹಲಗೆಯ ಮೇಲಿನ ಗುರಿಯಂತೆ ಕಾಣುತ್ತಾನೆ ಎಂದು ತರಬೇತಿ ಕೊಡುವ ಹವಾಲ್ದಾರರು ಹೇಳಿ ಹೇಳಿ ಸುಸ್ತಾಗಿದ್ದರು. ನನ್ನ ಜೋಡಿ ನಿಲ್ಲುತ್ತಿದ್ದ. ಬಹಳ ಹೊತ್ತಲ್ಲ, ಒಂದು ಉಸಿರಿನಷ್ಟು. ಕಣ್ಣು ಮೊದಲು ಎಲ್ಲವನ್ನೂ ನೋಡಿ ಮುಗಿಸಲಿ ಎಂದು ಅವನ ಮೈ ಕಾಯುತ್ತಿತ್ತು. ಬೆಳಿಗ್ಗೆಯೆಲ್ಲ ಕಾಯುವುದನ್ನೇ ಕಲಿತ ಮೈ ಮಧ್ಯಾಹ್ನಕ್ಕೆ ಹೇಗೆ ಮರೆತೀತು?

ಇಬ್ಬರೂ ಸಾಹೇಬರ ಹತ್ತಿರ ಹೋದೆವು. ಅವನನ್ನು ರೈಫಲ್ಲಿಗೆ, ನನ್ನನ್ನು ಬಾಗಿಲಿಗೆ ಬಿಟ್ಟುಬಿಡಿ ಎಂದು ಕೇಳಿಕೊಂಡೆವು. ಸಾಹೇಬರು ಕೆಟ್ಟವರಲ್ಲ. ಕೂರಿಸಿ, ಟೀ ತರಿಸಿ, ಒಬ್ಬ ರಜೆ ಹೋದರೆ ಇನ್ನೊಬ್ಬ ಆ ಜಾಗದಲ್ಲಿ ನಿಲ್ಲಬೇಡವೇ ಎಂದರು. ವಾರಕ್ಕೊಮ್ಮೆ ಜಾಗ ಬದಲಿಸುವ ಪಾಳಿ ಹಾಗೇ ಮುಂದುವರಿಯಿತು.

ಆ ಕರೆ ಬಂದದ್ದು ಒಂದು ಬೆಳಿಗ್ಗೆ. ಅಜ್ಜಂಪುರದ ಆಚೆಯ ಹಳ್ಳಿಯೊಂದರಲ್ಲಿ ನಡುವಯಸ್ಸಿನವನೊಬ್ಬ ಅಣ್ಣತಮ್ಮಂದಿರ ಜೊತೆ ಆಸ್ತಿ ಭಾಗದ ವಿಷಯಕ್ಕೆ ಜಗಳವಾಡಿ, ಹಂದಿ ಹೊಡೆಯುವ ನಾಡಕೋವಿ ಹಿಡಿದು, ಮುದಿ ತಾಯಿಯನ್ನೂ ಒಳಗೇ ಇಟ್ಟುಕೊಂಡು ಬಾಗಿಲು ಹಾಕಿಕೊಂಡಿದ್ದ. ಹತ್ತಿರ ಬಂದರೆ ಮನೆಗೆ ಬೆಂಕಿ ಇಡುತ್ತೇನೆ ಎಂದು ಕಿಟಕಿಯಿಂದ ಕೂಗಿದ್ದನಂತೆ. ನಮ್ಮಲ್ಲಿ ಅರ್ಧ ಜನ ಬಂದೋಬಸ್ತಿಗೆ ಚಿಕ್ಕಮಗಳೂರಿಗೆ ಹೋಗಿದ್ದರು. ಆ ವಾರದ ಪಾಳಿಯಂತೆ ರೈಫಲ್ ನನ್ನದು, ಬಾಗಿಲು ಅವನದು.

ಜೀಪಿನಿಂದ ಇಳಿದವನೇ ಅವನು ಸಾಹೇಬರ ಮುಂದೆ ನಿಂತ. "ಸಾರ್, ಇವತ್ತೊಂದಿನ ನಾವಿಬ್ರೂ ಅದಲುಬದಲು ಆಗ್ತೀವಿ."

ಸಾಹೇಬರ ಕಿವಿಯಲ್ಲಿ ಫೋನ್ ಇತ್ತು. "ಇಬ್ರಿಗೂ ಎರಡೂ ಬರುತ್ತಲ್ಲಪ್ಪಾ. ಈಗ ಗೊಂದಲ ಬೇಡ, ಹೋಗಿ" ಎಂದರು.

ನಾನು ಎದುರು ಮನೆಯ ತಾರಸಿ ಹತ್ತಿ ಮಲಗಿದೆ. ರೈಫಲ್ಲಿನ ದುರ್ಬೀನಿನಲ್ಲಿ ಹಂಚಿನ ಸೂರು, ಮುಚ್ಚಿದ ಕಿಟಕಿ, ಬಾಗಿಲಿನ ಪಕ್ಕದ ಗೋಡೆಗೆ ಒರಗಿ ನಿಂತ ಅವನ ಭುಜ ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿದ್ದವು. ಮಾತುಕತೆಯಲ್ಲೇ ಮುಗಿಯಬಹುದು ಅನ್ನಿಸಿತ್ತು. ಊರಿನ ಹಿರಿಯರೊಬ್ಬರು ಹೊರಗಿನಿಂದ ಮಾತಾಡುತ್ತಿದ್ದರು, ಒಳಗಿನಿಂದ ಉತ್ತರವೂ ಬರುತ್ತಿತ್ತು. ಅಷ್ಟರಲ್ಲಿ ಹಂಚಿನ ಸಂದಿಯಿಂದ ಹೊಗೆ ಎದ್ದಿತು. ಬೆಂಕಿ ಇಟ್ಟ ಎಂದು ಯಾರೋ ಕೂಗಿದರು. ನುಗ್ಗಿ ಎಂದು ಅಪ್ಪಣೆಯಾಯಿತು.

ಬಾಗಿಲು ಒಂದೇ ಏಟಿಗೆ ಬಿತ್ತು. ಮುಂದಿದ್ದವನು ಅವನು. ಹೊಸಿಲ ಮೇಲೆ ನಿಂತ, ಅದೇ ಒಂದು ಉಸಿರಿನಷ್ಟು. ದುರ್ಬೀನಿನ ತುಂಬ ಅವನ ಬೆನ್ನೇ ಇತ್ತು. ಹೋಗೋ, ಹೋಗೋ ಎಂದು ನಾನು ಬಾಯಲ್ಲಿ ಹೇಳಿದೆನೋ ಮನಸ್ಸಿನಲ್ಲೋ ತಿಳಿಯದು. ಕೋವಿಯ ಸದ್ದು ಕೇಳಿತು, ಬೆನ್ನು ದುರ್ಬೀನಿನಿಂದ ಮಾಯವಾಯಿತು.

ಗುಂಡು ಹೊಡೆದವನು ಕೋವಿ ಬಿಸಾಡಿ ಅಲ್ಲೇ ಕುಸಿದು ಕೂತಿದ್ದ, ಯಾರೂ ಹಿಡಿಯುವ ಅಗತ್ಯವೇ ಬೀಳಲಿಲ್ಲ. ಮನೆಗೆ ಬೆಂಕಿ ಬಿದ್ದಿರಲಿಲ್ಲ. ಮಗ ಹಿಂದಿನ ದಿನದಿಂದ ಉಂಡಿಲ್ಲ ಎಂದು ಮುದುಕಿ ಮುದ್ದೆಗೆ ಎಸರಿಟ್ಟಿದ್ದಳು. ಸೌದೆ ಹಸಿಯಿತ್ತು.

ಕೋವಿಯ ಸೀಸದ ಚರೆಗಳು ಅವನ ಮುಖಕ್ಕೆ ಹೊಕ್ಕಿದ್ದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಗಣ್ಣು ಉಳಿಯಲಿಲ್ಲ. ಗುರಿ ಇಡುತ್ತಿದ್ದ ಕಣ್ಣು ಅದೇ. ಮೇಲಿನವರು ಬಂದು ವಿಚಾರಣೆ ಮಾಡಿದರು. ಎರಡೂ ಬಗೆಯ ತರಬೇತಿಯನ್ನು ಇನ್ನಷ್ಟು ಹೆಚ್ಚಿಸಬೇಕು ಎಂದು ತೀರ್ಮಾನವಾಯಿತು. ಹೆಚ್ಚಿಸಿದರು. ನನ್ನನ್ನು ತಂಡದಿಂದ ಬಿಡಿ ಎಂದು ಕೇಳಿದೆ, ಬದಲಿ ಜನ ಇಲ್ಲ ಎಂದರು. ಈಗಲೂ ಬೆಳಿಗ್ಗೆ ಬಯಲಿನಲ್ಲಿ ಮಲಗುತ್ತೇನೆ, ಮಧ್ಯಾಹ್ನ ಮಿಲ್ಲಿನೊಳಗೆ ನುಗ್ಗುತ್ತೇನೆ. ಎರಡೂ ಮೊದಲಿನಂತೆ ಬರುವುದಿಲ್ಲ. ಮಲಗಿದರೆ ಎದೆ ಹೊಡೆದುಕೊಳ್ಳುತ್ತದೆ, ಬಾಗಿಲ ಮುಂದೆ ಕಾಲು ನಿಂತುಬಿಡುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೂ ನನ್ನ ಜಾಗಕ್ಕೆ ಬರುವವರು ಯಾರೂ ಇಲ್ಲ.

ಅವನನ್ನು ಈಗ ವೈರ್‌ಲೆಸ್ ಕೋಣೆಯಲ್ಲಿ ಕೂರಿಸಿದ್ದಾರೆ. ಹೋದ ತಿಂಗಳು ಕಡೂರಿನ ಅವನ ಮನೆಗೆ ಹೋಗಿದ್ದೆ. ಬಹಳ ಹೊತ್ತು ಅಪ್ಪನ ಹಾಸಿಗೆ ವ್ಯಾಪಾರ, ಅವನ ತಂಗಿಯ ಮದುವೆ ಅಂತ ಏನೇನೋ ಮಾತಾಡಿದ. ಆಮೇಲೆ ನನ್ನತ್ತ ತಿರುಗದೆಯೇ ಅಂದ:

"ಬಾಗ್ಲಲ್ಲಿ ಯಾಕ್ ನಿಂತೆ ಅಂತ ಎಲ್ರೂ ಕೇಳ್ತಾರೆ ಕಣೋ. ನಿಲ್ಲೋದ್ನ ಕಲ್ಸಿದ್ದು ಯಾರು ಅಂತ ಒಬ್ರೂ ಕೇಳಲ್ಲ."

ಅವನ ತಾಯಿ ಟೀ ಪಾತ್ರೆ ತಂದಿಟ್ಟರು. ತಾನೇ ಹಾಕಿಕೊಡುತ್ತೇನೆ ಎಂದು ಅವನು ಪಾತ್ರೆ ಎತ್ತಿ ಬಗ್ಗಿಸಿದ. ಒಂಟಿ ಕಣ್ಣಿಗೆ ಅಳತೆ ಸಿಗದೆ ಧಾರೆ ಲೋಟದ ಆಚೆ ಬೀಳತೊಡಗಿತು. ತಾಯಿ ಲೋಟವನ್ನು ಧಾರೆಯ ಕೆಳಗೆ ಸರಿಸಿದರು. ಅವನು ಪಾತ್ರೆ ಕೆಳಗಿಟ್ಟು ಎದ್ದು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ.