ಯಾರೂ ವಾಸವಿಲ್ಲದ ಒಂಬತ್ತು ಮನೆ

ನನ್ನ ತಮ್ಮ ರಾಜ್ಯಸಭೆಗೆ ಹೋಗಿದ್ದು ಜನ ಓಟು ಹಾಕಿದ್ದಕ್ಕಲ್ಲ, ಪಕ್ಷದವರು ಅವನ ಯೋಗ್ಯತೆ ನೋಡಿ ಕಳಿಸಿದ್ದೂ ಅಲ್ಲ. ನಾನು ಒಂದು ಸೈನ್ ಹಾಕಿದೆ, ಅಲ್ಲಿಂದ ಅವನು ಹತ್ತಿದ. ನಡೆದಿದ್ದು ಇಷ್ಟೆ. ಸನ್ಮಾನದ ವೇದಿಕೆಯಲ್ಲಿ ಮೈಕು ಹಿಡಿದವರೆಲ್ಲ ಅವನು ತಳಮಟ್ಟದಿಂದ ಬಂದ ನಾಯಕ ಅಂದರು. ಆ ತಳದಲ್ಲಿ ಒಂಬತ್ತು ಮನೆ ಇದ್ದವು ಅಂತ ಯಾರೂ ಹೇಳಲಿಲ್ಲ.

ನಮ್ಮ ಊರು ಮದ್ದೂರಿಗೂ ಮಳವಳ್ಳಿಗೂ ನಡುವೆ. ನನ್ನನ್ನು ಅದೇ ಬೀದಿಯಲ್ಲಿದ್ದ ಸೋದರಮಾವನಿಗೇ ಕೊಟ್ಟರು, ಹಾಗಾಗಿ ಹುಟ್ಟಿದ್ದೂ ಬಾಳಿದ್ದೂ ಒಂದೇ ಬೀದಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿದರು. ತಮ್ಮ ಡಿಗ್ರಿವರೆಗೆ ಹೋದ, ಪಾಸಾಗಲಿಲ್ಲ. ಅವನ ಹತ್ತಿರ ಒಂದು ಹಳೇ ಸ್ಕೂಟರ್ ಇತ್ತು. ಅದರ ಮೇಲೆ ತಿಥಿಗಳಿಗೆ ಹೋಗುತ್ತಿದ್ದ. ಸುತ್ತಲ ಯಾವ ಊರಲ್ಲಿ ಯಾರು ಸತ್ತರೂ ಹನ್ನೊಂದನೇ ದಿನ ಅಲ್ಲಿರುತ್ತಿದ್ದ. ಮದುವೆಗೆ ಬಂದವನನ್ನು ಜನ ಮರೆಯುತ್ತಾರೆ, ತಿಥಿಗೆ ಬಂದವನನ್ನು ಮರೆಯುವುದಿಲ್ಲ ಅನ್ನುವುದು ಅವನಿಗೆ ಚಿಕ್ಕ ವಯಸ್ಸಿಗೇ ತಿಳಿದಿತ್ತು. ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದೆ, ಯಾರಿಗೆ ಯಾರು ಏನಾಗಬೇಕು ಅನ್ನುವುದೆಲ್ಲ ನನ್ನ ತಲೆಯಲ್ಲಿತ್ತು. ಹೊರಡುವ ಮೊದಲು ನಮ್ಮ ಜಗಲಿ ಮೇಲೆ ಕೂತು ಕೇಳಿಕೊಂಡು ಹೋಗುತ್ತಿದ್ದ. ಸತ್ತವನ ಹೆಂಡತಿಯನ್ನು ಏನೆಂದು ಕರೆಯಬೇಕು, ದೊಡ್ಡ ಮಗನ ಮುಂದೆ ಚಿಕ್ಕ ಮಗನ ಮಾತು ಎತ್ತಬಾರದೋ ಹೇಗೆ, ಎಲ್ಲಾ ಹೇಳಿ ಕಳಿಸುತ್ತಿದ್ದೆ. ಅಲ್ಲಿ ಹೋಗಿ ಕಣ್ಣೀರು ಹಾಕುತ್ತಿದ್ದ. ಅದು ಸುಳ್ಳು ಅಳುವಲ್ಲ. ಬೇಕಾದಾಗ ಅವನಿಗೆ ನಿಜವಾದ ಅಳುವೇ ಬರುತ್ತದೆ, ಈಗಲೂ.

ಪಂಚಾಯಿತಿ ಚುನಾವಣೆ ಬಂದಾಗ ಅವನು ನಿಲ್ಲಬೇಕು ಅಂತಿದ್ದ ಸೀಟು ಹೆಂಗಸರಿಗೆ ಮೀಸಲಾಯಿತು. ಎರಡು ದಿನ ಮುಖ ಊದಿಸಿಕೊಂಡು ಕೂತ. ಮೂರನೇ ದಿನ ನನ್ನ ಹೆಸರಲ್ಲಿ ಅರ್ಜಿ ತಂದು ನನ್ನ ಗಂಡನ ಮುಂದೆ ಇಟ್ಟ. ಅವರು ಆಗಲಿ ಅಂದರು. ನನ್ನನ್ನು ಕರೆದಿದ್ದು ಎಲ್ಲಿ ಸೈನ್ ಹಾಕಬೇಕು ಅಂತ ತೋರಿಸುವುದಕ್ಕೆ. ಗೆದ್ದೆ. ಅಧ್ಯಕ್ಷ ಸ್ಥಾನವೂ ಹೆಂಗಸರಿಗೇ ಬಂದಿತ್ತು, ನಾನೇ ಆದೆ. ಮೊದಲ ಸಭೆಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದೆ. ಅಧ್ಯಕ್ಷರ ಕುರ್ಚಿಯಲ್ಲಿ ನಾನು ಕೂತೆ, ಪಕ್ಕದ ಕುರ್ಚಿಯಲ್ಲಿ ಅವನು ಕೂತ. ಎಲ್ಲರೂ ಅವನ ಮುಖ ನೋಡಿಯೇ ಮಾತಾಡಿದರು. ಆಮೇಲೆ ನಾನು ಹೋಗುವುದೇ ಬಿಟ್ಟೆ, ಸೈನ್ ಹಾಕಲು ಪಂಚಾಯಿತಿ ಪುಸ್ತಕವೇ ಮನೆಗೆ ಬರುತ್ತಿತ್ತು. ಊರವರು ಅವನನ್ನೇ ಅಧ್ಯಕ್ಷರೇ ಅನ್ನುತ್ತಿದ್ದರು. ನನಗೆ ಬೇಜಾರಾಗಲಿಲ್ಲ. ಮನೆಯಲ್ಲಿ ಮೂರು ಹಸು, ಕಳೆ ತುಂಬಿದ ಗದ್ದೆ, ಹಾಸಿಗೆ ಹಿಡಿದ ಅತ್ತೆ. ಅದರ ಮೇಲೆ ಕುರ್ಚಿ ಬೇರೆ ಯಾಕೆ ಅಂದುಕೊಂಡೆ.

ಒಂದು ಮಧ್ಯಾಹ್ನ ನಾನು ಮುದ್ದೆ ತೊಳಸುತ್ತಿದ್ದೆ. ಅವನು ನಡಾವಳಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತ. ಸಭೆಯ ತೀರ್ಮಾನ ಬರೆಯುವ ಪುಸ್ತಕ ಅದು. ಸಭೆ ಆಗಿದೆ ಅಂತ ಬರೆದಿದೆ, ಅರ್ಜೆಂಟು, ಹಾಕು ಅಂದ. ಕೈ ತೊಳೆದುಕೊಂಡು ಬಂದು ಹಾಕಿದೆ. ದುಂಡಗೆ, ನಿಧಾನವಾಗಿಯೇ ಹಾಕಿದೆ. ಓದಲಿಲ್ಲ. ನನಗೆ ಓದಲು ಬರುತ್ತಿತ್ತು, ಅದನ್ನು ಇಲ್ಲಿ ಹೇಳಲೇಬೇಕು. ಬರುತ್ತಿತ್ತು, ಓದಲಿಲ್ಲ. ಒಲೆ ಮೇಲೆ ಮುದ್ದೆ ಗಂಟಾಗುತ್ತದೆ ಅನ್ನುವ ಯೋಚನೆ.

ಅದರಲ್ಲಿ ಬರೆದಿದ್ದು ಹೀಗೆ. ಕೆರೆ ಏರಿಯ ಕೆಳಗೆ ಮಳವಳ್ಳಿ ರಸ್ತೆಗೆ ಅಂಟಿದ ಜಾಗ ಖಾಲಿ ಇದೆ, ಅಲ್ಲಿ ಯಾರೂ ವಾಸವಿಲ್ಲ, ಅದನ್ನು ಸಮುದಾಯ ಭವನ ಕಟ್ಟಲು ಒಂದು ಟ್ರಸ್ಟಿಗೆ ಕೊಡುವುದು. ಟ್ರಸ್ಟು ಅವನದೇ. ಆ ಜಾಗದಲ್ಲಿ ಕೂಲಿಯವರ ಒಂಬತ್ತು ಮನೆ ಇದ್ದವು. ನಮ್ಮ ಹಿತ್ತಲಲ್ಲಿ ನಿಂತರೆ ಅವರ ಒಲೆಯ ಹೊಗೆ ಕಾಣುತ್ತಿತ್ತು.

ಭವನ ಕಟ್ಟಲಿಲ್ಲ. ಅವನಿಗೆ ಬೇಕಾಗಿದ್ದು ಭವನವಲ್ಲ, ಅಡಿಗಲ್ಲು. ಒಬ್ಬ ದೊಡ್ಡ ನಾಯಕನನ್ನು ಕರೆಸಿ ಕಲ್ಲು ಇಡಿಸಿದ, ಊರಿಗೆಲ್ಲ ಬಾಡೂಟ ಹಾಕಿಸಿದ. ಆ ನಾಯಕ ಹೊರಡುವಾಗ ಕಾರಿನ ಗಾಜು ಇಳಿಸಿ ಇವನ ಹೆಗಲು ತಟ್ಟಿದ್ದನ್ನು ನಾನೇ ನೋಡಿದೆ. ಮುಂದಿನ ಚುನಾವಣೆಗೆ ತಾಲ್ಲೂಕು ಪಂಚಾಯಿತಿ ಟಿಕೆಟ್ ಬಂತು. ಅಲ್ಲಿಂದ ಜಿಲ್ಲಾ ಪಂಚಾಯಿತಿ. ಅಲ್ಲಿಂದ ಎಮ್ಮೆಲ್ಲೆ, ಎರಡು ಸಲ. ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿದ. ಮೂರನೇ ಸಲ ಸೋತ. ಪಕ್ಷ ಬಿಟ್ಟ, ಮತ್ತೆ ಸೇರಿದ, ಯಾವುದೋ ನಿಗಮಕ್ಕೆ ಅಧ್ಯಕ್ಷನಾದ. ಸೋತಾಗ ಮಾತ್ರ ನಮ್ಮ ಜಗಲಿಗೆ ಬಂದು ಕೂತು ಅತ್ತ. ಉಪ್ಪೆಸರು ಮುದ್ದೆ ಬಡಿಸಿದೆ, ಉಂಡು ಹೋದ. ಊರಿಗೆ ಬರುವುದು ಕಡಿಮೆಯಾದರೂ ತಿಥಿಗಳನ್ನು ಬಿಟ್ಟಿರಲಿಲ್ಲ. ಅಡಿಗಲ್ಲು ಇಟ್ಟ ಕಡೆಯೇ ಇತ್ತು. ಒಂಬತ್ತು ಮನೆಯ ಹೆಂಗಸರು ಅದರ ಮೇಲೆ ಒಗೆದ ಬಟ್ಟೆ ಹರವುತ್ತಿದ್ದರು.

ಆಮೇಲೆ ರಾಜ್ಯಸಭೆಗೆ ಅವನ ಹೆಸರು ಬಂತು. ಟಿವಿಯಲ್ಲಿ ನೋಡಿದೆವು. ಎಮ್ಮೆಲ್ಲೆಗಳೇ ಸೇರಿ ಓಟು ಹಾಕಿ ಕಳಿಸುವುದಂತೆ. ಊರಲ್ಲಿ ಪಟಾಕಿ ಹೊಡೆದರು. ನನ್ನ ಜೊತೆ ನಾಟಿ ಹಾಕಿ ಹಾಕಿ ಮುದುಕಿಯಾದವಳು ಒಬ್ಬಳಿದ್ದಾಳೆ, ಆ ಒಂಬತ್ತರಲ್ಲಿ ಮೊದಲ ಮನೆಯವಳು. ಅವಳು ಹಿತ್ತಲ ಬೇಲಿ ಹತ್ತಿರ ಬಂದು ಕೇಳಿದಳು:

“ಅಲ್ಲ ಕಣವ್ವ, ನಾವ್ಯಾರೂ ಓಟಾಕಕ್ಕೇ ಓಗ್ನಿಲ್ಲ. ಅದೆಂಗ್ ಗೆದ್ದ?”

“ಇದ್ಕೆ ನಮ್ ಓಟು ಬೇಕಾಗಿಲ್ಲ ಕಣಮ್ಮಿ.”

“ಅಂಗಾರೆ ಇನ್ ನಮ್ ತಿಥಿಗೂ ಬರಾಕಿಲ್ಲ ಬುಡು.”

ಇಬ್ಬರೂ ನಕ್ಕೆವು.

ಹದಿನೈದು ದಿನ ಕಳೆದಿರಲಿಲ್ಲ, ಅವಳೇ ತಾಲ್ಲೂಕು ಕಚೇರಿಯ ಒಂದು ಕಾಗದ ಹಿಡಿದು ಬಂದಳು. ತಮ್ಮನ ಹಿಂಬಾಲಕರು ಆ ಜಾಗದಲ್ಲಿ ಅವನ ಹೆಸರಿನ ಭವನ ಎಬ್ಬಿಸಿ ಅವನಿಗೆ ಕಾಣಿಕೆ ಕೊಡಬೇಕು ಅಂತ ತೀರ್ಮಾನ ಮಾಡಿದ್ದರು. ಒತ್ತುವರಿ ಮಾಡಿಕೊಂಡವರು ಸೋಮವಾರದೊಳಗೆ ಖಾಲಿ ಮಾಡಬೇಕು, ಇಲ್ಲವಾದರೆ ಯಂತ್ರ ತಂದು ತೆರವು ಮಾಡಲಾಗುವುದು ಅಂತ ಕಾಗದದಲ್ಲಿತ್ತು. ಅದರ ಹಿಂದೆ ಪಂಚಾಯಿತಿಯ ಹಳೇ ನಡಾವಳಿಯ ನಕಲೂ ಇತ್ತು. ಎಲ್ಲಾ ಅವಳ ಸೊಸೆ ಓದಿ ಹೇಳಿದ್ದಳಂತೆ.

“ಯಾರೂ ಇಲ್ದಿರೋ ಜಾಗ ಅಂತ ಬರ್ದದಂತೆ. ತಿಂಗ್ಳು ತಿಂಗ್ಳು ಕರೆಂಟ್ ಬಿಲ್ ದೆವ್ವಕ್ ಕೊಟ್ಟೋಯ್ತಿದ್ರಾ?” ಅಂದಳು. ಆಮೇಲೆ ನೆಲ ನೋಡಿಕೊಂಡು ಹೇಳಿದಳು: “ಅದ್ರಲ್ಲಿರೋದು ನಿನ್ ಸೈನಂತೆ ಕಣವ್ವ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನೀನೇ ಏನಾದರೂ ಮಾಡು ಅಂತಲೂ ಅನ್ನಲಿಲ್ಲ. ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದಳು.

ಮಾರನೇ ದಿನ ಪಂಚಾಯಿತಿಗೆ ಹೋಗಿ ಪುಸ್ತಕ ತೆಗೆಸಿದೆ. ಇಪ್ಪತ್ತು ವರ್ಷದ ಮೇಲಾಗಿತ್ತು, ಹಾಳೆ ಹಳದಿಯಾಗಿತ್ತು, ನನ್ನ ಸೈನ್ ಮಾತ್ರ ನಿನ್ನೆ ಹಾಕಿದ ಹಾಗಿತ್ತು. ಆಗ ಓದಿದೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಅಲ್ಲಿದ್ದ ಅಧಿಕಾರಿ ಹೊಸ ಹುಡುಗಿ, ಒಳ್ಳೆಯವಳೇ. ಆ ದಿನ ಸಭೆಯೇ ಆಗಿರಲಿಲ್ಲ ಅಂತ ನಾನು ಬರೆದುಕೊಟ್ಟರೆ ಏನಾಗುತ್ತದೆ ಅಂತ ಕೇಳಿದೆ. ಮೊದಲು ನಿಮ್ಮ ಮೇಲೇ ಕೇಸಾಗುತ್ತದೆ ಅಂದಳು. ಆಗಲಿ ಅಂತ ಬರೆದುಕೊಟ್ಟೆ. ಸೀಲು ಹೊಡೆದು ತೆಗೆದುಕೊಂಡಳು, ಮೇಲಕ್ಕೆ ಕಳಿಸುತ್ತೇನೆ, ಉತ್ತರ ಬರಲು ತಿಂಗಳುಗಳೇ ಆಗಬಹುದು ಅಂದಳು. ಅಲ್ಲಿಂದ ಸಂಜೆ ಮಳವಳ್ಳಿಗೆ ಹೋಗಿ ಒಬ್ಬ ವಕೀಲರನ್ನು ಕಂಡೆ. ಪಂಚಾಯಿತಿಯಿಂದ ತಂದಿದ್ದ ಆ ಕಾಗದದ ನಕಲನ್ನು ಅವರು ಎರಡು ಸಲ ತಿರುವಿ ನೋಡಿದರು. ತಡೆಯಾಜ್ಞೆ ಕೇಳಬಹುದು, ಆದರೆ ನಾಳೆ ಎರಡನೇ ಶನಿವಾರ, ಎರಡು ದಿನ ಕೋರ್ಟಿಗೆ ರಜೆ, ಸೋಮವಾರ ನಾವು ಅರ್ಜಿ ಹಾಕುವ ಹೊತ್ತಿಗೆ ಅಲ್ಲಿ ಗೋಡೆ ನಿಂತಿರುವುದಿಲ್ಲ ಅಂದರು. ನಿಮ್ಮ ತಮ್ಮ ಒಂದು ಫೋನು ಮಾಡಿದರೆ ಎಲ್ಲಾ ನಿಲ್ಲುತ್ತದಲ್ಲ, ನನ್ನ ಹತ್ತಿರ ಯಾಕೆ ಬಂದಿರಿ ಅಂತ ಕೇಳಿದರು.

ತಮ್ಮನಿಗೆ ಫೋನು ಮಾಡಿದರೆ ಬೇರೆ ಯಾರೋ ಎತ್ತುತ್ತಿದ್ದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅನ್ನುತ್ತಿದ್ದರು. ನಾನು ಅವರ ಅಕ್ಕ ಅಂದರೆ, ಯಾವ ಅಕ್ಕ ಅನ್ನುತ್ತಿದ್ದರು. ಗುತ್ತಲಿನ ಮನೆಗೆ ಹೋದೆ, ಗೇಟಿಗೆ ಬೀಗ. ಭಾನುವಾರ ಮಂಡ್ಯದಲ್ಲಿ ಅವನಿಗೆ ಸನ್ಮಾನ ಅಂತ ಗೋಡೆ ಗೋಡೆಯ ಮೇಲೂ ಅವನ ಮುಖವಿತ್ತು. ಅಲ್ಲೇ ಹಿಡಿಯಬೇಕು ಅಂತ ತೀರ್ಮಾನ ಮಾಡಿದೆ.

ನನ್ನ ಮಗ ಊರಿನ ಹಾಲಿನ ಡೈರಿಯಲ್ಲಿದ್ದಾನೆ. ನನ್ನ ಗಂಡ ತೀರಿಕೊಂಡ ಮೇಲೆ ಆ ಕೆಲಸ ಕೊಡಿಸಿದ್ದು ಅವನ ಮಾವ, ನನ್ನ ತಮ್ಮನೇ. ನಾನು ಹೊರಟು ನಿಂತಾಗ ಬಾಗಿಲಿಗೆ ಅಡ್ಡ ಬಂದು, “ಅವ್ವಾ, ಮಾವನ್ನ ಎದ್ರಾಕ್ಕಂಡ್ರೆ ನಾಳೀಕೆ ನನ್ ಕೆಲ್ಸ ಓಯ್ತದೆ. ಆ ಮನೆಯವ್ರು ಎಲ್ಲಾದ್ರೂ ಬದುಕ್ಕತಾರೆ ಬುಡು,” ಅಂದ. ಅವನು ಹೇಳಿದ್ದರಲ್ಲಿ ಮೊದಲನೆಯದು ನಿಜ. ಎರಡನೆಯದು ಅವನಿಗೂ ಸುಳ್ಳು ಅಂತ ಗೊತ್ತಿತ್ತು. ಪಕ್ಕಕ್ಕೆ ಸರಿಸಿ ಹೋದೆ.

ಭಾರತೀನಗರದಲ್ಲಿ ಬಸ್ಸು ಬದಲಾಯಿಸಿ ಮಂಡ್ಯಕ್ಕೆ ಹೋಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಕ್ರೇನಿನಲ್ಲಿ ಸೇಬಿನ ಹಾರ ನೇತು ಹಾಕಿದ್ದರು, ಲಾರಿಯಷ್ಟು ಉದ್ದ. ಹಾರ ಅವನ ಕೊರಳಿಗೆ ತಾಗಿದ ಹಾಗೆ ಮಾಡಿ ಫೋಟೋ ತೆಗೆದ ತಕ್ಷಣ ಜನ ನುಗ್ಗಿ ಸೇಬು ಕಿತ್ತುಕೊಂಡರು. ಎರಡು ಕಡೆ ಜೆಸಿಬಿ ನಿಲ್ಲಿಸಿ ಅದರ ಬಕೆಟ್ಟಿನಿಂದ ಹೂವಿನ ಎಸಳು ಸುರಿಯುತ್ತಿದ್ದರು. ನಾನು ಆ ಬಕೆಟ್ಟಿನ ಹಲ್ಲುಗಳನ್ನೇ ನೋಡುತ್ತಿದ್ದೆ. ನಾಳೆ ಬರುವುದು ಇದೇನೋ, ಇಂಥದೇ ಇನ್ನೊಂದೋ.

ವೇದಿಕೆಯ ಹಿಂದೆ ಶಾಮಿಯಾನದಲ್ಲಿ ಅವನು ಬೆವರು ಒರೆಸಿಕೊಳ್ಳುತ್ತಾ ಕೂತಿದ್ದ. ನನ್ನನ್ನು ಕಂಡು ಎದ್ದು ಬಂದು ಕಾಲಿಗೆ ಬಿದ್ದ. ಯಾರೋ ಫೋಟೋ ತೆಗೆದರು. ಸುತ್ತ ಇದ್ದವರು ಆಹಾ ಅಂದರು. ನಾನು ಅವನ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋಗಿ, ಒಂಬತ್ತು ಮನೆಯ ವಿಷಯ ಹೇಳಿದೆ. ಒಂದು ಫೋನು ಮಾಡು, ಭವನ ಬೇರೆ ಕಡೆ ಕಟ್ಟಿಕೊಳ್ಳಲಿ ಅಂದೆ. ನಾನು ಯಾರ ಹತ್ತಿರವೂ ಬೇಡಿದವಳಲ್ಲ. ಆ ದಿನ ಬೇಡಿದೆ, ಕೈ ಮುಗಿದೇ ಬೇಡಿದೆ.

“ಅಕ್ಕಾ, ಇದು ಲೋಕಲ್ ವಿಸ್ಯ,” ಅಂದ. “ನಾನೀಗ ಡೆಲ್ಲಿ ಮಟ್ಟದೋನು. ಪಂಚಾಯ್ತಿ ತೀರ್ಮಾನಕ್ಕೆಲ್ಲ ಕೈ ಆಕಂಗಿಲ್ಲ.”

“ಆ ತೀರ್ಮಾನ ಬರ್ದೋನು ನೀನಲ್ವೇನ್ಲಾ?”

ಅವನು ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಅಂತ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, ಕೋಪವಿಲ್ಲದೆ, ತಿಥಿ ಮನೆಯಲ್ಲಿ ಸಮಾಧಾನ ಹೇಳುವ ಹಾಗೆ ಹೇಳಿದ: “ಅದ್ರಲ್ಲಿ ನಾನೆಲ್ಲಿದ್ದೀನಿ, ತೋರ್ಸು. ಅಧ್ಯಕ್ಷೆ ನೀನು. ಯಾರೂ ಇಲ್ಲ ಅಂತ ಸೈನ್ ಆಕಿರೋಳು ನೀನು. ಎಳುದ್ರೆ ನಿನ್ನೇ ಎಳೀತಾರೆ ಕಣಕ್ಕ. ನಿನ್ ಒಳ್ಳೇದಕ್ಕೇ ಯೋಳ್ತಿರೋದು, ಸುಮ್ನೆ ಮನೆಗೋಗು. ಉಂಡ್ಯಾ?”

ಉಂಡಿರಲಿಲ್ಲ. ಹೊರಗೆ ಬಂದೆ. ಅವನ ಹೆಸರು ಕೂಗುತ್ತಿದ್ದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದೇ ದೊಡ್ಡ ಕಷ್ಟವಾಯಿತು. ಅವನನ್ನು ಬೈದು ಮುಗಿಸುವ ಹಾಗಿದ್ದರೆ ಊರು ಬರುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಸಂಜೆ ಇಳಿದವಳೇ ಮನೆಗೆ ಹೋಗದೆ ನೇರ ಮೊದಲ ಮನೆಯವಳ ಹತ್ತಿರ ಹೋದೆ. ಇಷ್ಟು ವರ್ಷದಲ್ಲಿ ಅವಳ ಹೊಸ್ತಿಲು ದಾಟಿದ್ದು ಅದೇ ಮೊದಲು. ಹೋಗಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೋಗಿರಲಿಲ್ಲ, ಅಷ್ಟೆ. ಒಳಗೆ ಅವಳೂ ಸೊಸೆಯೂ ಪಾತ್ರೆಗಳನ್ನು ಅಟ್ಟದಿಂದ ಇಳಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದರು. ಆಗಲ್ಲ ಅಂದ ಅಂತ ಹೇಳಿದೆ. ಬೇರೆ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಸೊಸೆ ಚೀಲ ಬಿಟ್ಟು ಗೋಡೆಗೆ ಒರಗಿದಳು. ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿದೆ. ನನ್ನ ಜೊತೆಯವಳು ಚೀಲದ ಬಾಯಿ ಕಟ್ಟುತ್ತಾ, “ಎಲ್ಗೋ ಗೊತ್ತಿದ್ರೆ ಇಷ್ಟೊತ್ಗೆ ಓಯ್ತಿರ್ನಿಲ್ವಾ?” ಅಂದಳು.

ಮಾರನೇ ಬೆಳಿಗ್ಗೆ ಎದ್ದು ಹಸು ಕರೆದೆ. ಹಾಲಿನ ಕ್ಯಾನು ಮಗನ ಮುಂದೆ ಇಟ್ಟು, ಜಗಲಿಯ ಮರದ ಮಂಚಕ್ಕೆ ಒಂದು ಕಡೆ ಕೈ ಕೊಡು ಅಂದೆ. ಕೊಡಲಿಲ್ಲ. ನನ್ನ ಸೊಸೆ ಒಳಗಿನಿಂದ ಬಂದು ಇನ್ನೊಂದು ಕಡೆ ಹಿಡಿದಳು. ನಿಂತು ನಿಂತು ಕೆರೆ ಏರಿಯವರೆಗೆ ತಂದೆವು. ಅವಳು ಮಂಚ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ವಾಪಸ್ ಹೋದಳು. ಒಂಬತ್ತು ಮನೆಯವರೂ ಸಾಮಾನು ಹೊರಗಿಟ್ಟುಕೊಂಡು ನಿಂತಿದ್ದರು. ಯಾರೂ ನನ್ನನ್ನು ಬಾ ಅನ್ನಲಿಲ್ಲ. ಮೊದಲ ಮನೆಯವಳು ಮಂಚ ನೋಡಿ, “ಒಂಬತ್ ಮನೆ ಅವೆ, ನೀನೊಬ್ಳು. ಯಾವ್ದುರಲ್ ಬಂದ್ ಕೂತ್ಕತೀಯವ್ವ?” ಅಂದಳು.

ರಸ್ತೆಯಿಂದ ಆ ಜಾಗಕ್ಕೆ ಇಳಿಯಲು ಇರುವುದು ಒಂದೇ ಓಣಿ. ಒಂದು ಕಡೆ ಏರಿ, ಇನ್ನೊಂದು ಕಡೆ ನಾಲೆ. ಮಂಚವನ್ನು ಓಣಿಯ ಬಾಯಿಗೆ ಎಳೆದು ಅಡ್ಡ ಹಾಕಿದೆ. ಎರಡು ಮೊಳ ಜಾಗ ಉಳಿಯಿತು. ಇನ್ನೊಂದು ಸಲ ಎಳೆದೆ. ರಸ್ತೆ ಕಡೆಗೆ ಮುಖ ಮಾಡಿ ಕೂತೆ.