ಹಿಂದೆ ನಿಂತವನ ಕೂಗು

ಡೊಂಬಿವಲಿ ಪೂರ್ವದಲ್ಲಿ, ರೈಲು ನಿಲ್ದಾಣದ ಮಗ್ಗುಲಿಗೇ ಇದ್ದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಜಯಶೀಲನನ್ನು ಕಂಡು, ಈತ ಫುಟ್‌ಬಾಲ್ ಆಟಗಾರನೆಂದು ಹೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಹಣೆ ನೆತ್ತಿಯವರೆಗೆ ಏರಿತ್ತು. ಅಂಗಿಯ ಗುಂಡಿಗಳು ಹೊಟ್ಟೆಯ ಬಳಿ ಕಷ್ಟಪಟ್ಟು ಕೆಲಸ ಮಾಡುತ್ತಿದ್ದವು. ಆದರೆ ಭಾನುವಾರ ಬೆಳಿಗ್ಗೆ ಅದೇ ಜಯಶೀಲ ಠಾಕುರ್ಲಿಯ ಕೆಸರು ಮೈದಾನದಲ್ಲಿ ಮೊಣಕಾಲವರೆಗೆ ಕಾಲುಚೀಲ ಎಳೆದುಕೊಂಡು ಗೋಲಿನ ಮುಂದೆ ನಿಂತನೆಂದರೆ, ಚೆಂಡನ್ನು ಆ ದಾರಿಯಾಗಿ ತರಲು ಎದುರಾಳಿಗಳು ಹಿಂದೆಮುಂದೆ ನೋಡುತ್ತಿದ್ದರು. ಭಾನುವಾರ ಬೆಳಗಿನ ಹೊತ್ತನ್ನು ತನಗೆ ಬಿಟ್ಟುಕೊಡಬೇಕು ಎಂಬ ಕರಾರಿನ ಮೇಲೆಯೇ ಅವನು ಆ ಗಲ್ಲಾದಲ್ಲಿ ಕೂರಲು ಒಪ್ಪಿದ್ದ. ಧಣಿಗಳು ಮೊದಲು ನಕ್ಕಿದ್ದರು, ಆಮೇಲೆ ಒಪ್ಪಿದ್ದರು. ದುಡಿಯುವ ಮನುಷ್ಯ ತನಗಾಗಿ ಒಂದೇ ಒಂದನ್ನು ಕೇಳಿದಾಗ ಅದನ್ನು ಇಲ್ಲವೆನ್ನುವುದು ಸುಲಭವಲ್ಲ.

ಅವನು ಆಡುತ್ತಿದ್ದುದು ಡೊಂಬಿವಲಿಯ ಕನ್ನಡ ಬಳಗದ ತಂಡದಲ್ಲಿ. ಠಾಣೆ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರ ತಂಡಗಳು ಪ್ರತಿ ಮಳೆಗಾಲ ಒಂದು ಕಪ್ಪಿಗಾಗಿ ಸೆಣಸುತ್ತಿದ್ದವು. ಆ ಕಪ್ಪು ಒಮ್ಮೆಯೂ ಡೊಂಬಿವಲಿಗೆ ಬಂದಿರಲಿಲ್ಲ. ಜಯಶೀಲ ಅಲ್ಲಿ ಸ್ಟಾಪರ್, ಎಂದರೆ ಗೋಲಿನ ಮುಂದೆ ನಟ್ಟನಡುವೆ ನಿಂತು ತಡೆಯುವವನು. ಅವನ ಪಕ್ಕದ ಜಾಗದಲ್ಲಿ ವರ್ಷಗಟ್ಟಲೆ ನಿಂತಿದ್ದ ವಸಂತಕುಮಾರ ೨೦೧೧ರ ಮಳೆಗಾಲದ ಆರಂಭದಲ್ಲೇ ಮೊಣಕಾಲು ಮುರಿದುಕೊಂಡು ಮೂಲೆ ಸೇರಿದ. ಅವನ ಜಾಗಕ್ಕೆ ಬಂದವನು ಹಿತೇಶ್: ಹದಿನೇಳರ ಹುಡುಗ, ಕಲ್ಯಾಣದ ಕಾಲೇಜಿನಲ್ಲಿ ವಿಜ್ಞಾನದ ವಿದ್ಯಾರ್ಥಿ, ಉಡುಪಿ ಕಡೆಯ ಮನೆತನ. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಪೂರಾ ತಿಳಿಯುತ್ತಿತ್ತು, ಬಾಯಿಗೆ ಬರುವುದು ಮಾತ್ರ ಅಪರೂಪ. ಎತ್ತರದ ಆಳು, ಜಿಂಕೆಯಂಥ ಕಾಲು, ಹಿರಿಯರ ಮುಂದೆ ತಲೆ ಎತ್ತದಷ್ಟು ಸಂಭಾವಿತ.

ಜಯಶೀಲನಿಗೆ ಈ ಏರ್ಪಾಡು ರುಚಿಸಲಿಲ್ಲ. "ಮುಂದೆ ಆಡುವವನಿಗೆ ಕಾಲು ಇದ್ದರೆ ಸಾಕು. ಹಿಂದೆ ನಿಲ್ಲುವವನಿಗೆ ಕೂದಲು ನೆರೆಯಬೇಕು," ಎಂಬುದು ಅವನು ಎಲ್ಲರಿಗೂ ಹೇಳುತ್ತ ಬಂದಿದ್ದ ಮಾತು. ಅವನಿಗಾಗ ನಲವತ್ತಕ್ಕೆ ಒಂದೇ ಮಳೆಗಾಲ ಬಾಕಿ. ಈ ಮಾತಿನಲ್ಲಿ ಅವನ ಸ್ವಾರ್ಥವೂ ಸ್ವಲ್ಪ ಇದ್ದಿರಬಹುದು.

ಕಲ್ಯಾಣದಲ್ಲಿ ನಡೆದ ಸೆಮಿಫೈನಲ್ ಪಂದ್ಯದಲ್ಲಿ ಅವನ ಮಾತೇ ನಿಜವಾದಂತೆ ಕಂಡಿತು. ಚೆಂಡು ಬಲಗಡೆ ಇದ್ದಾಗ ಎಲ್ಲರ ಕಣ್ಣೂ ಅತ್ತಲೇ ಇತ್ತು. ಎದುರಾಳಿಯೊಬ್ಬ ಜಯಶೀಲನ ಬೆನ್ನ ಹಿಂದಿನಿಂದ ಸದ್ದಿಲ್ಲದೆ ನುಸುಳಿದ. ಚೆಂಡು ಅವನ ಕಾಲಿಗೇ ಬಂದು ಬಿತ್ತು. ಗೋಲಿನ ಬಲೆ ಅಲುಗಿತು. ಕೊನೆಯ ಗಳಿಗೆಯಲ್ಲಿ ಡೊಂಬಿವಲಿಯವರು ಹೇಗೋ ಎರಡು ಗೋಲು ಹೊಡೆದು ಗೆದ್ದರೆನ್ನುವುದು ಬೇರೆ ಮಾತು. ಆದರೆ ಗೋಲು ಬಿದ್ದ ಗಳಿಗೆಯಲ್ಲೇ ಜಯಶೀಲ ಹಿತೇಶನ ಮೇಲೆ ಹರಿಹಾಯ್ದಿದ್ದ.

"ಎಂತ ಮಾರಾಯ, ಕಣ್ಣು ಮನೆಯಲ್ಲಿ ಬಿಟ್ಟು ಬಂದಿದ್ದೀಯಾ? ಅವ ನನ್ನ ಹಿಂದಿನಿಂದ ಮೆರವಣಿಗೆ ಹೋದ ಹಾಗೆ ಹೋದ. ನಿನಗೆ ಕಾಣಲಿಲ್ವಾ?"

ಹಿತೇಶ್ ನೆಲ ನೋಡುತ್ತ ತನ್ನ ಜಾಗಕ್ಕೆ ಮರಳಿದ.

ಆಟ ಮುಗಿದ ಮೇಲೆ ಬಳಗದ ಕಾರ್ಯದರ್ಶಿ ಅನಂತರಾಮರು ಜಯಶೀಲನನ್ನು ಬದಿಗೆ ಕರೆದರು. ಬ್ಯಾಂಕಿನ ಅಧಿಕಾರಿ, ಮೈಸೂರಿನವರು. ಬೈಗುಳವನ್ನೂ ಬಹುವಚನದಲ್ಲೇ ಬೈಯುವಂಥವರು. "ನೋಡಿ ಜಯಶೀಲ, ಫೈನಲ್‌ನಲ್ಲಿ ಎದುರಿಗಿರೋದು ನವಿ ಮುಂಬಯಿಯ ಕೋಪರಖೈರಣೆ. ಅವರ ಚಿನ್ಮಯ್ ಓಟ ನೀವೂ ನೋಡಿದ್ದೀರಿ. ಹುಡುಗನ್ನ ಕೂರಿಸಿ, ವಯಸ್ಸಾದ ಯಾರನ್ನಾದ್ರೂ ಹಾಕೋಣ ಅಂತ ನಮ್ಮೆಲ್ಲರ ಅಭಿಪ್ರಾಯ. ಆದ್ರೆ ಪಕ್ಕದಲ್ಲಿ ನಿಲ್ಲೋರು ನೀವು. ಮುಂದಿನ ಶನಿವಾರದೊಳಗೆ ನಿಮ್ಮ ಮಾತು ಹೇಳಿ. ನೀವು ಹೇಳಿದ್ದೇ ಆಖೈರು."

ಹಿತೇಶನ ಜಾಗ ಹೀಗೆ ಜಯಶೀಲನ ಒಂದು ಮಾತಿಗೆ ಬಂದು ನಿಂತಿತು. ಆ ಮಾತನ್ನು ಅವನು ಅಲ್ಲೇ ಆಡಿ ಮುಗಿಸಬಹುದಿತ್ತು. ಆದರೆ ಅವನಿಗೊಂದು ಗುಣವಿತ್ತು: ಕೋಪದಲ್ಲಿ ಬೈಯುತ್ತಿದ್ದ, ಕೋಪದಲ್ಲಿ ತೀರ್ಮಾನ ಮಾಡುತ್ತಿರಲಿಲ್ಲ. ಡೊಂಬಿವಲಿಗೆ ಮರಳುವ ರೈಲಿನಲ್ಲಿ, ಬಾಗಿಲ ಬಳಿ ಹುಡುಗನ ಪಕ್ಕ ನಿಂತು, ಧ್ವನಿ ತಗ್ಗಿಸಿ ಮತ್ತೆ ಕೇಳಿದ.

"ನಿಜ ಹೇಳು. ಅವ ಬರುವುದು ನಿನಗೆ ಕಾಣಲೇ ಇಲ್ವಾ?"

"ದೇಖಾ ಥಾ ಅಂಕಲ್," ಎಂದ ಹಿತೇಶ್. "ಮೊದಲೇ ನೋಡಿದ್ದೆ. ಪರ್... ಆಪ್ ಪೇ ಕೈಸೇ ಚಿಲ್ಲಾತಾ?"

ನೋಡಿದ್ದೆ, ಆದರೆ ನಿಮ್ಮ ಮೇಲೆ ಹೇಗೆ ಕಿರುಚಲಿ? 'ಜಯಶೀಲ ಅಂಕಲ್, ಸ್ವಲ್ಪ ಹಿಂದೆ ನೋಡಿ' ಎಂದು ಹೇಳಲು ಬಾಯಿ ತೆರೆದಿದ್ದನಂತೆ. ಅಂಕಲ್ ಎನ್ನುವಷ್ಟರಲ್ಲಿ ಗೋಲಾಗಿತ್ತು. ಹಿರಿಯರಿಗೆ ಅಪ್ಪಣೆ ಕೊಡಬಾರದು, ಎತ್ತರದ ದನಿಯಲ್ಲಿ ಮಾತನಾಡಬಾರದು ಎಂದು ತೊಟ್ಟಿಲಿನಿಂದಲೇ ಕಲಿತ ಹುಡುಗ, ಇಡೀ ತಂಡದಲ್ಲಿ ತಾನೊಬ್ಬನೇ ಕಂಡ ಅಪಾಯವನ್ನು ಮರ್ಯಾದೆಯಿಂದ ನುಂಗಿಕೊಂಡಿದ್ದ.

ಠಾಕುರ್ಲಿ ಬಂತು, ಹೋಯಿತು. ತಾನು ಬೈದದ್ದು ಕಣ್ಣಿಲ್ಲದವನನ್ನಲ್ಲ, ಬಾಯಿಲ್ಲದವನನ್ನು ಎಂದು ಜಯಶೀಲನಿಗೆ ಅರ್ಥವಾಯಿತು. ಮರುಕ್ಷಣವೇ ಅದಕ್ಕಿಂತ ಇರುಸುಮುರುಸಿನ ಇನ್ನೊಂದು ವಿಷಯ ನೆನಪಾಯಿತು: ತಾನು ಮೊದಲ ಬಾರಿ ಸ್ಟಾಪರ್ ಆಗಿ ನಿಂತಾಗ ತನಗೆ ಹದಿನಾರು ದಾಟಿರಲಿಲ್ಲ.

ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಠಾಣೆಯ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವನು ಅವನು. ಆ ಶಾಲೆಗೊಂದು ಫುಟ್‌ಬಾಲ್ ತಂಡವಿತ್ತು. ಅಡುಗೆಯವರು, ಮ್ಯಾನೇಜರುಗಳು, ಮೀಸೆ ಬಲಿತ ವಿದ್ಯಾರ್ಥಿಗಳೇ ಅದರಲ್ಲಿ ಹೆಚ್ಚು. ಕಲಬುರಗಿಯ ಶಿವರಾಯ ಮೇಷ್ಟ್ರು ಇವನನ್ನು ಹಿಂದೆ ನಿಲ್ಲಿಸಿ ಹೇಳಿದ್ದರು: "ಹಿಂದ ನಿಂತಾಂವಗ ಇಡೀ ಮೈದಾನ ಕಾಣಸ್ತದ. ಕಂಡದ್ದು ಒದರಬೇಕು. ಒದರದೇ ಇದ್ರ ನೀ ಕಂಬ ಇದ್ದಂಗ." ಜಯಶೀಲ ಒದರಿದ್ದ, ತನಗಿಂತ ಇಮ್ಮಡಿ ವಯಸ್ಸಿನವರ ಮೇಲೆ, ಯಾವ ಅಳುಕೂ ಇಲ್ಲದೆ. ಆ ಧೈರ್ಯ ಎಲ್ಲಿಂದ ಬಂತು? ವಯಸ್ಸಿನಿಂದ ಬಂದದ್ದಂತೂ ಅಲ್ಲ. ಬಂದದ್ದು ಹೋಟೆಲಿನಿಂದ. ಸಪ್ಲೈಯರ್ ಆಗಿದ್ದಾಗ ಅವನು ದಿನವಿಡೀ ಅಡುಗೆಮನೆಯ ಕಿಂಡಿಗೆ ಬಾಯಿಟ್ಟು, ಅಜ್ಜನ ವಯಸ್ಸಿನ ಭಟ್ಟರಿಗೆ ದೋಸೆ ಇಡ್ಲಿಗಳನ್ನು ಕೂಗಿ ಹೇಳುತ್ತಿದ್ದ. ಆ ಕೂಗನ್ನು ಯಾವ ಭಟ್ಟರೂ ಅವಮಾನವೆಂದು ತಿಳಿದವರಲ್ಲ. ಅಲ್ಲಿ ಕೂಗುವುದೇ ಕೆಲಸ.

ಡೊಂಬಿವಲಿಯಲ್ಲಿ ಇಳಿಯುವಾಗ ಜಯಶೀಲ ಹೇಳಿದ: "ನಾಳೆಯಿಂದ ಕಾಲೇಜಿಗೆ ಹೋಗುವ ಮೊದಲು ಹೋಟೆಲಿಗೆ ಬಾ. ಬೂಟು ಬೇಡ. ಗಂಟಲು ಸಾಕು."

ಬೆಳಗಿನ ನೂಕುನುಗ್ಗಲಿನ ಹೊತ್ತು. ರೈಲು ಹಿಡಿಯುವ ಅವಸರದಲ್ಲಿ ಜನ ನಿಂತುಕೊಂಡೇ ತಿನ್ನುತ್ತಿದ್ದರು. ಹಿತೇಶ್ ಕಿಂಡಿಯ ಮುಂದೆ ನಿಂತು, ಕಾವಲಿಯ ಹೊಗೆಯಲ್ಲಿ ಮುಳುಗಿದ್ದ ಮುಖ್ಯ ಅಡುಗೆಯವರಾದ ಕಿಟ್ಟು ಭಟ್ಟರನ್ನು ಉದ್ದೇಶಿಸಿ ಮೆಲ್ಲನೆ ನುಡಿದ: "ಅಂಕಲ್, ಪ್ಲೀಸ್, ಎರಡು ಸಾದಾ ದೋಸೆ ಸಿಗ್ಬಹುದಾ?"

ಅಡುಗೆಮನೆಯೆಲ್ಲ ಘೊಳ್ಳೆಂದಿತು. ಕಿಟ್ಟು ಭಟ್ಟರು ಸಟ್ಟುಗ ಎತ್ತಿ ಹಿಡಿದು ಹೊರಗೆ ಇಣುಕಿದರು. "ಎಂತದಾ ಇದು, ಹೆಣ್ಣು ಕೇಳ್ಲಿಕ್ಕೆ ಬಂದವರ ಹಾಗೆ! ಜಾತಕ ತಂದಿದ್ದೀಯಾ? ದೋಸೆ ಬೇಕಾದ್ರೆ ಕೂಗು ಮಾರಾಯ, ಇಲ್ಲಿ ಒಲೆಯ ಸದ್ದು!"

ಹುಡುಗನ ಕಿವಿ ಕೆಂಪಾಯಿತು. ಜಯಶೀಲ ಗಲ್ಲಾದಿಂದ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟ. "ನೀನು ಭಟ್ರನ್ನು ಕೂಗಬೇಡ. ದೋಸೆಯನ್ನು ಕೂಗು. ಭಟ್ರು ದೊಡ್ಡವರು, ದೋಸೆ ನಿನಗಿಂತ ದೊಡ್ಡದಾ?"

ಹಿತೇಶ್ ಕಣ್ಣು ಮುಚ್ಚಿ ಕೂಗಿದ. ಮೊದಲ ಕೂಗು ಒಡೆದುಹೋಯಿತು. ಮರುದಿನ ಸ್ವಲ್ಪ ನೆಟ್ಟಗಾಯಿತು. ವಾರ ಕಳೆಯುವಷ್ಟರಲ್ಲಿ "ದೋ ಸಾದಾ, ಏಕ್ ಮೈಸೂರ್, ಇಡ್ಲಿ ಜಲ್ದೀ!" ಎಂಬ ಅವನ ಕೂಗು ರಸ್ತೆಯ ಆಚೆಯ ಹೂವಿನವಳಿಗೂ ಕೇಳಿಸತೊಡಗಿತು. ಕೂಗು ಗಿಡ್ಡವಾಗಿರಬೇಕು, ಹೊತ್ತಿಗೆ ಮುಂಚೆ ಬರಬೇಕು, ಯಾವುದು ಎಲ್ಲಿಗೆ ಎಂಬುದು ಅದರಲ್ಲಿರಬೇಕು. ಇದಿಷ್ಟನ್ನೂ ಅವನು ಕಿಂಡಿಯ ಮುಂದೆ ಕಲಿತ.

ಸುದ್ದಿ ಅವನ ತಾಯಿ ವನಜಾಕ್ಷಿಯ ಕಿವಿಗೆ ಬಿತ್ತು. ಆಕೆ ಕೊಡೆಯನ್ನು ಕತ್ತಿಯಂತೆ ಹಿಡಿದು ಹೋಟೆಲಿಗೆ ಬಂದಳು. "ಶೀಲಣ್ಣ, ನಾವು ಇವನನ್ನು ಸಾಯನ್ಸಿಗೆ ಸೇರಿಸಿದ್ದು ದೋಸೆ ಕೂಗ್ಲಿಕ್ಕಾ? ಬಿಲ್ಡಿಂಗಿನ ಸೊಸೈಟಿಯವರು ಕೇಳ್ತಾರೆ, ನಾನು ಎಂತ ಹೇಳ್ಲಿ?"

ಜಯಶೀಲ ಬಾಯಿ ತೆರೆಯುವ ಮೊದಲೇ ಕಿಂಡಿಯೊಳಗಿಂದ ಭಟ್ಟರು ನುಡಿದರು: "ಅಮ್ಮಾ, ಮೊನ್ನೆ ನಿಮ್ಮ ಮಗ ಕೂಗಿದ ರಭಸಕ್ಕೆ ನನ್ನ ಕೈಯಿಂದ ದೋಸೆಯೇ ಜಾರಿ ಬಿತ್ತು. ಸಾಯನ್ಸಿನಲ್ಲಿ ಇದನ್ನು ಕಲಿಸ್ತಾರಾ?"

ವನಜಾಕ್ಷಿ ನಗಬಾರದೆಂದು ತುಟಿ ಬಿಗಿಹಿಡಿದಳು, ಆಗಲಿಲ್ಲ. ಕಾಫಿ ಕುಡಿದು ಹೋದಳು.

ಶನಿವಾರ ಜಯಶೀಲ ಅನಂತರಾಮರಿಗೆ ಫೋನು ಮಾಡಿ ತನ್ನ ಮಾತು ಹೇಳಿದ: "ಹುಡುಗನೇ ನಿಲ್ಲಲಿ ಸಾರ್. ಸೋತರೆ ನನ್ನನ್ನು ಕೇಳಿ." ಇಷ್ಟು ಹೇಳಿ ಸುಮ್ಮನಿರಬಹುದಿತ್ತು. ಅವನು ಇನ್ನೊಂದು ಮಾತು ಸೇರಿಸಿದ: "ಕೂಗುವವನು ಅವನು. ನಾನಲ್ಲ." ವರ್ಷಗಳಿಂದ ತನ್ನದೇ ಆಗಿದ್ದ ಹಕ್ಕನ್ನು ಹೀಗೆ ಹದಿನೇಳರ ಕೈಗೆ ಕೊಟ್ಟುಬಿಡಲು ಎಷ್ಟು ಎದೆ ಬೇಕು ಎಂಬುದನ್ನು, ಯಾವುದಾದರೂ ಗದ್ದುಗೆಯಲ್ಲಿ ಕೂತು ಎದ್ದವರೇ ಹೇಳಬೇಕು.

ಕೋಪರಖೈರಣೆಯ ಮೈದಾನದಲ್ಲಿ ಆ ಭಾನುವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಚಿನ್ಮಯ್ ಮೊದಲ ಗಳಿಗೆಯಿಂದಲೇ ಬಿಟ್ಟ ಬಾಣದಂತೆ ನುಗ್ಗತೊಡಗಿದ. ಹಿತೇಶನ ಬಾಯಿ ಮತ್ತೆ ಕಟ್ಟಿತ್ತು. ಒಮ್ಮೆ ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಹೋಯಿತು. ಬದಿಯಲ್ಲಿ ನಿಂತ ಅನಂತರಾಮರು ಕೊಡೆಯ ಕೆಳಗೇ ಕಣ್ಣು ಮುಚ್ಚಿಕೊಂಡರು. ಜಯಶೀಲ ಹುಡುಗನ ಹತ್ತಿರ ಹಾದುಹೋಗುತ್ತ ಒಂದೇ ಮಾತೆಂದ: "ಗಿರಾಕಿಗಳು ಕಾಯ್ತಿದ್ದಾರೆ."

ಹಿತೇಶ್ ಗಕ್ಕನೆ ನಕ್ಕ. ಕಟ್ಟಿದ್ದ ಬಾಯಿ ಆ ನಗುವಿನಲ್ಲಿ ಬಿಚ್ಚಿಕೊಂಡಿತು.

"ಎಡಕ್ಕೆ ಒಬ್ಬ!" ಎಂಬ ಕೂಗು ಬಂತು. ಜಯಶೀಲ ಎಡಕ್ಕೆ ಸರಿದ, ಚಿನ್ಮಯ್ ಅಲ್ಲಿದ್ದ. "ಹಿಂದೆ ಖಾಲಿ!" ಅವನು ಹಿಂದಕ್ಕೆ ಬಿದ್ದ, ಚೆಂಡು ಅಲ್ಲಿಗೇ ಬಂತು. ಮೊಣಕಾಲು ನೋಯುವ, ನಲವತ್ತರ ಅಂಚಿನ ಮನುಷ್ಯನಿಗೆ ಆ ಕೂಗುಗಳು ಬೆನ್ನಿಗೆ ಮೂಡಿದ ಕಣ್ಣುಗಳಾದವು. ಎರಡನೆಯ ಅರ್ಧದಲ್ಲಿ ಕೆಸರಿನ ಗೊಂದಲದೊಳಗೆ ಡೊಂಬಿವಲಿಗೊಂದು ಗೋಲು ದಕ್ಕಿತು. ಉಳಿದದ್ದು ಅದನ್ನು ಕಾಯುವ ಕೆಲಸ.

ಕೊನೆಯ ಗಳಿಗೆ. ಮೂಲೆಯಿಂದ ಒದ್ದ ಚೆಂಡು ಎತ್ತರದಲ್ಲಿ ತೇಲುತ್ತ ನೇರ ಜಯಶೀಲನ ತಲೆಯತ್ತ ಬಂತು. ಇಂಥ ಚೆಂಡನ್ನು ಅವನು ಹುಟ್ಟಿದಾರಭ್ಯ ಯಾರಿಗೂ ಬಿಟ್ಟುಕೊಟ್ಟವನಲ್ಲ. ಮೊಣಕಾಲು ಬಾಗಿಸಿದ, ಇನ್ನೇನು ಹಾರಬೇಕು. ಬೆನ್ನ ಹಿಂದಿನಿಂದ ಕಿಂಡಿಗೆ ಕೂಗಿದಂಥ ಕೂಗು ಕೇಳಿಸಿತು: "ನಂದು!"

ಹಾರಲು ಬಾಗಿದ್ದವನು ಹಾರದೆ ಬಾಗಿಯೇ ಉಳಿದ.

ಚೆಂಡು ಅವನ ಬೋಳು ನೆತ್ತಿಯ ಮೇಲಿಂದ ಗಾಳಿ ಬೀಸುತ್ತ ಹೋಯಿತು. ಹಿಂದಿನಿಂದ ಓಡಿಬಂದ ಹಿತೇಶ್ ಆಳೆತ್ತರ ನೆಗೆದು, ಹಣೆಯಿಂದ ಬಡಿದು ಅದನ್ನು ಮೈದಾನದ ನಡುವಿಗೆ ಅಟ್ಟಿದ. ಜಯಶೀಲ ಹಾರಿದ್ದರೆ ಚೆಂಡು ಅವನ ತಲೆಯನ್ನು ಸವರಿ ಜಾರುತ್ತಿತ್ತು. ಜಾರುವಲ್ಲಿ ಚಿನ್ಮಯ್ ಕಾದು ನಿಂತಿದ್ದ. ರೆಫರಿ ಆಟ ಮುಗಿದ ಶಿಳ್ಳೆ ಊದಿದ.

ಕಪ್ಪು ಕೈಯಿಂದ ಕೈಗೆ ಹೋಗುತ್ತಿದ್ದಾಗ ಅನಂತರಾಮರು ಜಯಶೀಲನ ಬೆನ್ನು ತಟ್ಟಿದರು. "ಅಂತೂ ಹಿಂದೆ ನಿಲ್ಲೋಕೆ ವಯಸ್ಸು ಬೇಕಾಗಿಲ್ಲ ಅಂತ ತೋರಿಸಿಬಿಟ್ರಿ."

"ಯಾರು ಹೇಳಿದ್ದು ಬೇಡಾಂತ?" ಎಂದ ಜಯಶೀಲ, ಕಾಲುಚೀಲದ ಕೆಸರು ಹಿಂಡುತ್ತ. "ಕೂಗ್ಲಿಕ್ಕೆ ವಯಸ್ಸು ಬೇಡ ಸಾರ್. ನಾನು ಬಗ್ಗಿದೆನಲ್ಲ, ಅದಕ್ಕೆ ಬೇಕು. ಹದಿನೇಳರಲ್ಲಿ ನಾನಾದರೂ ಬಗ್ಗುತ್ತಿರಲಿಲ್ಲ."

ಠಾಣೆಯಲ್ಲಿ ರೈಲು ಬದಲಿಸಿದಾಗ ಡಬ್ಬಿ ಕಿಕ್ಕಿರಿದಿತ್ತು. ಕಿಟಕಿಯ ಬಳಿ ಒಂದು ಸೀಟು ಖಾಲಿಯಾಯಿತು. ಹಿತೇಶ್ ನುಸುಳಿ ಹೋಗಿ ಹಿಡಿದ. ಹಿಡಿದವನು ಕೂರಲಿಲ್ಲ. ಪಕ್ಕಕ್ಕೆ ಸರಿದು, ಮೈದಾನದ ಆ ಕೂಗು ಬೇರೆ ಯಾರದೋ ಎಂಬಷ್ಟು ಮೆಲ್ಲಗೆ, "ಬೈಠಿಯೇ ಅಂಕಲ್," ಎಂದ.

ಜಯಶೀಲ ಕುಳಿತ. ನಿಂತವರ ಚೀಲವನ್ನು ಕೂತವರು ಹಿಡಿಯುವುದು ಈ ರೈಲುಗಳ ಧರ್ಮ. ಕೈ ಚಾಚಿ ಹುಡುಗನ ಬೂಟಿನ ಚೀಲವನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ಕಳವಾ, ಮುಂಬ್ರಾ, ದಿವಾ ದಾಟುವಷ್ಟರಲ್ಲಿ ಅದರಿಂದ ಇಳಿದ ಕೆಸರು ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಅಂಗೈಯಗಲದ ಕಲೆಯಾಗಿ ಹರಡಿತು. ಹಿತೇಶ್ ಅದನ್ನು ಕಂಡು ಗಾಬರಿಯಿಂದ ಬಾಯಿ ತೆರೆದ. ಜಯಶೀಲ ಚೀಲವನ್ನು ಇನ್ನಷ್ಟು ಭದ್ರವಾಗಿ ಹಿಡಿದು, ಕಿಟಕಿಯಾಚೆಯ ಮಳೆ ನೋಡುತ್ತ ಕುಳಿತ.