ಅತ್ತೆ ಹೇಳದ ಹೆಸರು

ಸಿಂಧನೂರಿನ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿರುವ ಪಂಪಣ್ಣನಿಗೆ ಬಂಧುಬಳಗದಲ್ಲಿರುವ ಬೆಲೆಯೆಲ್ಲ ಕಾಗದಪತ್ರದಿಂದ ಬಂದದ್ದು. ಮದುವೆಗೆ ಅವನನ್ನು ಕರೆಯಲು ಮರೆತವರೂ ಪಿಂಚಣಿ ನಿಂತಾಗ ಮರೆಯುವುದಿಲ್ಲ. ಮಸ್ಕಿಯ ಚಿಕ್ಕಪ್ಪನ ವೃದ್ಧಾಪ್ಯ ವೇತನ, ಬಳಗಾನೂರಿನ ದೊಡ್ಡವ್ವನನ್ನು ಹೆತ್ತ ಮಗನಿಗಿಂತ ಚಿಕ್ಕವಳನ್ನಾಗಿ ಮಾಡಿರುವ ಆಧಾರ್ ಕಾರ್ಡು, ಯಾರದೋ ಬ್ಯಾಂಕಿನ ನಾಮಿನಿ, ಎಲ್ಲವೂ ಅವನ ಪ್ಲಾಸ್ಟಿಕ್ ಚೀಲದೊಳಗೇ. ಮುದುಕರಿದ್ದ ಮನೆಯಲ್ಲಿ ಕಾಗದ ತಯಾರಿರಬೇಕು ಎಂದು ಕಂಡವರಿಗೆಲ್ಲ ಉಪದೇಶ ಮಾಡುವ ಅವನು ತನ್ನ ಮೋಟರ್ ಸೈಕಲ್ಲಿನ ವಿಮೆ ಮಾತ್ರ ಇನ್ನೂ ಕಟ್ಟಿಲ್ಲ. ಅದು ಬೇರೆ ಮಾತು.

ಈ ಸಲ ಅವನು ಕೈ ಹಾಕಿದ್ದು ಮುಕ್ಕುಂದದ ಸೋದರತ್ತೆ ಪೀರಮ್ಮನ ಕೆಲಸಕ್ಕೆ. ಮನೆ ಅವಳ ಹೆಸರಿನಲ್ಲೇ ಇತ್ತು. ಕಿರಿಯ ಮಗ ತೀರಿಕೊಂಡ ಮೇಲೂ ಅವನ ಹೆಂಡತಿ ಸಂಘಮಿತ್ರಾ ಅಲ್ಲೇ ಉಳಿದು, ಅಂಗನವಾಡಿಯಲ್ಲಿ ದುಡಿದು ಅತ್ತೆಯನ್ನು ನೋಡಿಕೊಳ್ಳುತ್ತಿದ್ದಳು. ಆ ಮನೆಯನ್ನು ಸೊಸೆಗೆ ದಾನಪತ್ರ ಮಾಡಿಕೊಟ್ಟೇ ಕಣ್ಣು ಮುಚ್ಚಬೇಕೆಂಬುದು ಪೀರಮ್ಮನ ಹಟ. ಲಿಂಗಸುಗೂರಿನಲ್ಲಿರುವ ಹಿರಿಯ ಮಗ ಗಂಗಾಧರ ಹೂಂ ಅನ್ನಲು ಬಹಳ ದಿನ ತೆಗೆದುಕೊಂಡ. ಅಂದದ್ದೂ ಹೀಗೆ:

"ಸಾಕ್ಷಿ ಸಹಿ ಮಾಡಾಕ ಬರ್ತೀನಿ, ಆದ್ರ ಲಗೂ ಮುಗಸ್ರಿ. ನಮ್ಮನಿಯಾಕಿ ತವರಿಗೆ ಹೋಗ್ಯಾಳ. ಅಕಿ ತಿರುಗಿ ಬಂದ ಮ್ಯಾಲ ನನ್ನ ಒಪ್ಪಿಗಿ ಏನಾಕೈತೋ ನಾ ಹೇಳಾಕ ಬರಂಗಿಲ್ಲ."

ಅವನ ಹೆಂಡತಿ ಬರುವುದು ಇಂದು ಸಂಜೆ. ಹಾಗಾಗಿ ಇಂದೇ ಆಗಬೇಕು.

ಪಂಪಣ್ಣ ಅತ್ತೆಗೆ ಪರೀಕ್ಷೆಯ ಮಕ್ಕಳಿಗೆ ಮಾಡಿಸಿದಂತೆ ಪಾಠ ಮಾಡಿಸಿದ್ದ. ಅಧಿಕಾರಿ ಅವಳ ಬಾಯಿಂದಲೇ ಕೇಳುತ್ತಾರೆ, ಬೇರೆಯವರು ಹೇಳಿಕೊಡುವ ಹಾಗಿಲ್ಲ.

"ಮೂಡಲಕ್ಕ ಯಾರ ಮನಿ, ಅತ್ತಿ?"

"ಯಂಕಮ್ಮಂದು. ನನ್ನ ಕೋಳಿ ತಿಂದಾಕಿ."

"ಕೋಳಿ ಮಾತು ಅಲ್ಲಿ ತೆಗಿಬ್ಯಾಡ."

"ತಿಂದದ್ದು ಖರೇ ಐತಿ."

ಸಿಂಧನೂರಿನ ನೋಂದಣಿ ಕಚೇರಿಯಲ್ಲಿ ಅವರ ಸರದಿ ಬಂದಾಗ ಪೀರಮ್ಮ ನಾಲ್ಕೂ ದಿಕ್ಕು ಹೇಳಿದಳು, ಇಷ್ಟಪಟ್ಟೇ ಕೊಡುತ್ತೇನೆ ಎಂದಳು, ಕೋಳಿಯನ್ನು ನುಂಗಿಕೊಂಡಳು. ಪಂಪಣ್ಣ ಒಳಗೊಳಗೇ ಬೀಗಿದ. ಆಗ ಅಧಿಕಾರಿ ಮೇಡಂ ತಲೆ ಎತ್ತದೆ ಕೇಳಿದರು:

"ಗಂಡನ ಹೆಸರೇನಮ್ಮ?"

ಪೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇದೊಂದನ್ನು ಪಂಪಣ್ಣ ಮರೆತಿದ್ದ. ಮರೆಯಬಾರದವನೇ ಮರೆತಿದ್ದ, ಏಕೆಂದರೆ ಮಾವನ ಹೆಸರೂ ಪಂಪಣ್ಣ. ಅತ್ತೆ ಗಂಡನ ಹೆಸರನ್ನು ಎಂದೂ ಬಾಯಿಗೆ ತಂದವಳಲ್ಲ. ಆ ಕಾರಣಕ್ಕೆ ಅಣ್ಣನ ಮಗನಾದ ಇವನನ್ನೂ ಹೆಸರು ಹಿಡಿದು ಕರೆದಿಲ್ಲ. ಮೀಸೆ ನರೆತ ಮೇಲೂ ಅವಳಿಗೆ ಇವನು "ಹುಡುಗಾ".

"ನಮ್ಮಪ್ಪನ ಹೆಸರು…" ಎಂದು ಗಂಗಾಧರ ಬಾಯಿ ಹಾಕಿದ.

"ನೀವು ಸುಮ್ನಿರಿ. ಅವರೇ ಹೇಳ್ಬೇಕು."

ಪೀರಮ್ಮ ಪಂಪಣ್ಣನ ಕಡೆ ಬೆರಳು ಮಾಡಿದಳು. ಮೇಡಂ ಅವನನ್ನು ನೋಡಿದರು, ಕಾಗದ ನೋಡಿದರು.

"ಗಂಡ ತೀರಿಕೊಂಡಾರ ಅಂತ ಬರೆದೀರಿ. ಇವರು ಇಲ್ಲೇ ಅದಾರಲ್ಲ?"

ಪಂಪಣ್ಣ ತಾನು ಗಂಡನಲ್ಲ, ಸತ್ತೂ ಇಲ್ಲ ಎಂಬ ಎರಡು ವಿಷಯವನ್ನು ಒಟ್ಟಿಗೆ ಹೇಳಲು ಹೋಗಿ ಒಂದನ್ನೂ ಸರಿಯಾಗಿ ಹೇಳಲಿಲ್ಲ. ಮೇಡಂಗೆ ಅನುಮಾನ ಬಂತು. ಫೈಲು ಪಕ್ಕಕ್ಕೆ ಸರಿಯಿತು.

"ಹೊರಗೆ ಕೂತಿರಿ. ಮುದುಕಿ ತಿಳಿದೇ ಕೊಡ್ತಾಳೋ ಇಲ್ಲೋ ನನಗೆ ಗೊತ್ತಾಗ್ಬೇಕು."

ಹೊರಗೆ ಬೇವಿನ ಗಿಡದ ಕೆಳಗೆ ಪಂಪಣ್ಣ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಅತ್ತಿ, ಹೆಸರು ಹಿಡಿದ್ರ ಗಂಡನ ಆಯುಷ್ಯ ಕಮ್ಮಿ ಆಕೈತಿ ಅಂತಾರ, ಒಪ್ಪಿದೆ. ಈಗ ಕಮ್ಮಿ ಆಗಾಕ ಏನುಳದೈತಿ ಹೇಳು."

ಆಡಿದ ಕೂಡಲೇ ಆಡಬಾರದಿತ್ತು ಅನ್ನಿಸಿತು. ಪೀರಮ್ಮ ಸಿಟ್ಟಾಗಲಿಲ್ಲ.

"ಅವರ ಅಂಗಿ ಯಾರಿಗೋ ಕೊಟ್ವಿ. ಕಂಬಳಿ, ಕೊಡ್ಲಿ ಎರಡೂ ಗಂಗಾಧರ ಒಯ್ದ. ಅವರದಂತ ನನ್ನ ಹತ್ರ ಉಳದದ್ದು ಇದೊಂದು, ಹುಡುಗಾ. ಆಡಲಾರದ ಇಟ್ಕೊಂಡೀನಿ."

ಕೊಡಲಿಯ ಮಾತಿಗೆ ಗಂಗಾಧರ ರಸ್ತೆಯ ಕಡೆ ಮುಖ ಮಾಡಿದ.

"ಬ್ಯಾಡ ಬಿಡ್ರಿ ಅತ್ತಿ," ಎಂದಳು ಸಂಘಮಿತ್ರಾ. "ಮನಿ ಯಾರ ಹೆಸರಿಗೆ ಇದ್ರೂ ರೊಟ್ಟಿ ಬಡಿಯಾಕಿ ನಾನ."

ಅಷ್ಟರಲ್ಲಿ ಗಂಗಾಧರನ ಮೊಬೈಲು ಬಡಿದುಕೊಂಡಿತು. ಹೆಂಡತಿಯದೆಂದು ನೋಡಿ ಅವನು ಎತ್ತದೆ ಜೇಬಿಗೆ ಹಾಕಿದ. ಅದು ಮತ್ತೆ ಬಡಿದುಕೊಂಡಿತು. ಪೀರಮ್ಮ ಆ ಜೇಬನ್ನು ನೋಡಿದಳು, ಸೊಸೆಯನ್ನು ನೋಡಿದಳು, ಮೊಣಕಾಲಿಗೆ ಕೈ ಊರಿ ಎದ್ದಳು.

ಒಳಗೆ ಒಬ್ಬಳೇ ಹೋದಳು. ಪಂಪಣ್ಣ ಬಾಗಿಲಲ್ಲೇ ನಿಂತ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು, ಮೇಡಂ ಅವರನ್ನು ಬಿಟ್ಟು ಕಿಟಕಿಯ ಕಡೆ ನೋಡುತ್ತ, ಮೆಲ್ಲಗೆ "ಪಂಪಣ್ಣ" ಎಂದಳು.

"ಏನತ್ತಿ," ಎಂದುಬಿಟ್ಟ ಬಾಗಿಲಲ್ಲಿದ್ದವನು.

"ನಿನಗಲ್ಲೋ," ಎಂದಳು ಪೀರಮ್ಮ. ಮೇಡಂ ಕುರ್ಚಿಯಿಂದ ಎದ್ದು ಬಂದು ತಾವೇ ಅವಳ ಹೆಬ್ಬೆರಳನ್ನು ಯಂತ್ರದ ಮೇಲೆ ಇಡಿಸಿದರು.

ಗಂಗಾಧರನ ಸಹಿಯೂ ಆಯಿತು. ಮೆಟ್ಟಿಲಿಳಿಯುವಾಗ ಅವನಿಗೆ ಚಿಂತೆ ಹತ್ತಿತು.

"ಅವ್ವಾ, ಮನಿ ಕೊಟ್ಟುಬಿಟ್ಟಿ. ಇನ್ನ ನೀ ಎಲ್ಲಿರ್ತಿ?"

"ಅಕಿ ಇಟ್ಕೊಂಡ್ರ ಇರ್ತೀನಿ."

"ಬಾಡಿಗಿ ಎಷ್ಟಂತ ಆಮ್ಯಾಲ ಮಾತಾಡೂಣು," ಎಂದಳು ಸಂಘಮಿತ್ರಾ, ಕಣ್ಣು ಒರೆಸಿಕೊಳ್ಳುತ್ತ. "ಮೊದಲ ಊಟ ಮಾಡ್ರಿ."

ಪೀರಮ್ಮ ಸೊಸೆಯ ಬೆನ್ನಿಗೆ ಒಂದು ಗುದ್ದು ಹಾಕಿ, ಅದೇ ಕೈಯಿಂದ ಅವಳ ಭುಜ ಹಿಡಿದುಕೊಂಡು ಕೊನೆಯ ಮೆಟ್ಟಿಲು ಇಳಿದಳು.